ಡ್ರೈವರ್‌ಗೆ ದುಡ್ಡು ಕಟ್ಟುವ ಮುನ್ನ

ಮಾನ್ಯ ಸಂಪಾದಕರೇ,

ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಮದುವೆಯ ಕಾಗದ, ಬ್ರಹ್ಮಕಲಶದ ಆಮಂತ್ರಣ, ಪಂಚಾಯತಿಗೆ ಮಲಯಾಳದಲ್ಲಿ ಕೊಡಬೇಕಾದ ಅರ್ಜಿ, ಇವೇ ನನ್ನ ಕೆಲಸ. ರಿಪೇರಿ ನನ್ನ ಕಸುಬಲ್ಲ. ಆದರೂ ಮನೆಯ ಕಂಪ್ಯೂಟರ್ ಮುಷ್ಕರ ಹೂಡಿದರೆ ಊರವರು ಮೊದಲು ಬರುವುದು ನನ್ನಲ್ಲಿಗೇ. ಈಚೆಗೆ ಅವರಲ್ಲಿ ಹಲವರು ವಿಡಿಯೊ ಡ್ರೈವರ್ ‘ಅಪ್‌ಡೇಟ್’ ಮಾಡಿಸಲು ದುಡ್ಡು ಕಟ್ಟಿ ಬಂದವರು ಅಥವಾ ಕಟ್ಟಲು ಹೊರಟವರು. ಅದಕ್ಕಾಗಿ ಈ ಪತ್ರ.

ವಿಂಡೋಸ್ ಹೇಳಿದ್ದನ್ನು, ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಚಿಪ್ಪಿಗೆ ಮುಟ್ಟಿಸುವ ತಂತ್ರಾಂಶವೇ ವಿಡಿಯೊ ಡ್ರೈವರ್. ಇಂಟೆಲ್, ಎಎಂಡಿ, ಎನ್‌ವಿಡಿಯಾ ಕಂಪೆನಿಗಳು ತಮ್ಮ ಚಿಪ್ಪಿನ ಡ್ರೈವರನ್ನು ತಮ್ಮ ಜಾಲತಾಣದಲ್ಲೇ ಪುಕ್ಕಟೆಯಾಗಿ ಇಟ್ಟಿವೆ. ಪುಕ್ಕಟೆ ಸಿಗುವುದಕ್ಕೆ ವರ್ಷದ ಚಂದಾ ಕೇಳುವ ‘ಅಪ್‌ಡೇಟರ್’ಗಳು ಅಂತರ್ಜಾಲದಲ್ಲಿ ಬೇಕಾದಷ್ಟಿವೆ. ಉಚಿತ ತಪಾಸಣೆ ಎನ್ನುತ್ತವೆ, ಪರದೆಯ ತುಂಬ ಕೆಂಪು ಅಕ್ಷರ ತೋರಿಸುತ್ತವೆ, ಕೊನೆಗೆ ಕಾರ್ಡಿನ ನಂಬರು ಕೇಳುತ್ತವೆ.

ನಮ್ಮ ನೆರೆಕರೆಯ ಮಾವನೊಬ್ಬರಿಗೆ ಯೂಟ್ಯೂಬಿನಲ್ಲಿ ಯಕ್ಷಗಾನ ನೋಡುವ ಹುಚ್ಚು. ಒಂದು ಅಂಗಡಿಯಲ್ಲಿ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಿ, ಅಂದರೆ ಇದ್ದದ್ದೆಲ್ಲ ಅಳಿಸಿ ವಿಂಡೋಸ್ ಹೊಸತಾಗಿ ಹಾಕಿಸಿ ತಂದ ಮೇಲೆ ಚೆಂಡೆಯ ಪೆಟ್ಟು ಮೊದಲು ಕೇಳಿಸುತ್ತಿತ್ತು, ವೇಷದ ಹೆಜ್ಜೆ ಆಮೇಲೆ ಬೀಳುತ್ತಿತ್ತು. ಅಕ್ಷರಗಳೆಲ್ಲ ಊದಿಕೊಂಡಿದ್ದವು, ಫ್ಯಾನಿನ ಸದ್ದಂತೂ ನಿಲ್ಲುತ್ತಲೇ ಇರಲಿಲ್ಲ. ಮತ್ತೆ ತೋರಿಸಿದಾಗ ಅಂಗಡಿಯವರು ಡ್ರೈವರಿನ ದಿನಾಂಕದ ಮೇಲೆ ಬೆರಳಿಟ್ಟು, ‘2006ರದ್ದು, ಬಹಳ ಹಳತು, ಹೊಸ ಗ್ರಾಫಿಕ್ಸ್ ಕಾರ್ಡೇ ಹಾಕಬೇಕು’ ಎಂದರಂತೆ. ಆ ಕಂಪ್ಯೂಟರ್ ಕೊಂಡದ್ದೇ 2006 ಕಳೆದು ಎಷ್ಟೋ ವರ್ಷದ ಮೇಲೆ!

ನಾನು ಹೋಗಿ, ಕಂಪ್ಯೂಟರಿನ ಬಿಡಿಭಾಗಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್ ತೆರೆದೆ. ‘ಡಿಸ್‌ಪ್ಲೇ ಅಡಾಪ್ಟರ್ಸ್’ ಎಂಬ ಸಾಲಿನ ಕೆಳಗೆ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿತ್ತು. ಅಂದರೆ ಡ್ರೈವರ್ ಹಳತಾಗಿರಲಿಲ್ಲ, ಹಾಕಿಯೇ ಇರಲಿಲ್ಲ. ಚಿಪ್ಪಿನ ಸ್ವಂತ ಡ್ರೈವರ್ ಇಲ್ಲದಾಗ ಪರದೆ ಕಾಣಲಿಕ್ಕಷ್ಟೇ ವಿಂಡೋಸ್ ಇಡುವ ಬದಲಿ ಆಸಾಮಿ ಅದು. ಆಗ ವಿಡಿಯೊದ ಹೊರೆಯೆಲ್ಲ ಪ್ರೊಸೆಸರಿನ ತಲೆಗೆ ಬೀಳುತ್ತದೆ. ವಿಂಡೋಸ್ ಜೊತೆಗೆ ಬರುವ ಮೈಕ್ರೋಸಾಫ್ಟಿನ ಡ್ರೈವರ್‌ಗಳಿಗೆ 2006ರ ಜೂನ್ 21 ಎಂಬ ದಿನಾಂಕವನ್ನು ಬೇಕೆಂದೇ ಹಾಕಿರುತ್ತಾರೆ. ಚಿಪ್ ತಯಾರಿಸಿದವರ ಡ್ರೈವರ್ ಸಿಕ್ಕರೆ ಅದಕ್ಕೇ ಮೊದಲ ಮಣೆ ಸಿಗಲಿ ಎಂದು. ಇಂಟೆಲ್ ತಾಣದಿಂದ ಸರಿಯಾದ ಡ್ರೈವರ್ ಇಳಿಸಿ ಹಾಕಿದೆ. ಕಾರ್ಡೂ ಬೇಕಾಗಲಿಲ್ಲ, ಕಾಸೂ ಬೇಕಾಗಲಿಲ್ಲ.

ಇದನ್ನು ಯಾರೂ ನೋಡಿಕೊಳ್ಳಬಹುದು. ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಬದಿ ಒತ್ತಿದರೆ ಡಿವೈಸ್ ಮ್ಯಾನೇಜರ್ ಕಾಣುತ್ತದೆ. ಅಡಾಪ್ಟರಿನ ಹೆಸರಿನ ಮೇಲೆ ಎರಡು ಸಲ ಒತ್ತಿ ‘ಡ್ರೈವರ್’ ವಿಭಾಗಕ್ಕೆ ಹೋದರೆ ಕೊಟ್ಟವರ ಹೆಸರು, ದಿನಾಂಕ, ಆವೃತ್ತಿ ಮೂರೂ ಅಲ್ಲಿರುತ್ತವೆ. ಬದಲಿಸುವುದಿದ್ದರೆ ಮೊದಲು ವಿಂಡೋಸ್ ಅಪ್‌ಡೇಟಿನ ‘ಆಪ್ಷನಲ್ ಅಪ್‌ಡೇಟ್ಸ್’ ನೋಡಿ, ಲ್ಯಾಪ್‌ಟಾಪ್ ಆದರೆ ಅದನ್ನು ಮಾಡಿದ ಕಂಪೆನಿಯ ತಾಣದಲ್ಲಿ ಮಾದರಿಯ ಹೆಸರು ಕೊಟ್ಟು ಹುಡುಕಿ. ಹೊಸತು ಹಾಕಿ ಕೆಟ್ಟರೆ ಹಿಂದಿನದಕ್ಕೆ ಮರಳಲು ಅದೇ ವಿಭಾಗದಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಇದೆ. ಆಟ ಆಡುವ ಮಕ್ಕಳಿಗೆ, ಮದುವೆಯ ವಿಡಿಯೊ ಎಡಿಟ್ ಮಾಡುವವರಿಗೆ ಹೊಸ ಆವೃತ್ತಿ ಬೇಕಾದೀತು. ಕಾಗದಪತ್ರ ನೋಡಿಕೊಂಡು ಹಾಯಾಗಿರುವವರು ಚೆನ್ನಾಗಿ ನಡೆಯುವುದನ್ನು ಕೆದಕುವುದೇಕೆ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ಹಳೆಯ ಕಂಪ್ಯೂಟರ್ ಇರುವವರನ್ನು ಹೆದರಿಸುವುದು ಈಗ ಇನ್ನೂ ಸುಲಭ. ಅಂಥವರು ವಿಂಡೋಸಿನ ಬದಲು, ಕೇರಳ ಸರಕಾರದ ಶಿಕ್ಷಣ ತಂತ್ರಜ್ಞಾನ ಸಂಸ್ಥೆ ‘ಕೈಟ್’ ನಮ್ಮ ಶಾಲೆಗಳಲ್ಲಿ ಬಳಕೆಗೆ ತಂದಿರುವ ಉಬುಂಟು ಆಧಾರಿತ ಲಿನಕ್ಸ್ ಎಂಬ ಪುಕ್ಕಟೆ ಕಾರ್ಯಾಚರಣೆ ವ್ಯವಸ್ಥೆಯನ್ನೂ ಯೋಚಿಸಬಹುದು. ಇಂಟೆಲ್, ಎಎಂಡಿ ಚಿಪ್ಪುಗಳ ಡ್ರೈವರ್ ಸಾಮಾನ್ಯವಾಗಿ ಅದರೊಳಗೇ ಬರುತ್ತದೆ. ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದರೆ ಕೇಳಿ ನೋಡಿ, ನನಗಿಂತ ಚೆನ್ನಾಗಿ ಹೇಳಿಯಾರು.

ರಿಪೇರಿ ಅಂಗಡಿಯವರ ದುಡಿಮೆಗೆ ಕೂಲಿ ಕೊಡಲೇಬೇಕು, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಬಿಲ್ಲಿನಲ್ಲಿ ‘ಸರ್ವಿಸ್’ ಎಂದು ಗೀಚಿ ಮುಗಿಸದೆ ಯಾವ ಡ್ರೈವರ್ ಹಾಕಿದರು, ಮೊದಲಿದ್ದ ಆವೃತ್ತಿ ಯಾವುದು, ಈಗಿನದು ಯಾವುದು, ಎಲ್ಲಿಂದ ಇಳಿಸಿದರು ಎಂದು ಬರೆದು ಕೊಡಲಿ. ಗಿರಾಕಿಗಳೂ ಹಾಗೆ ಬರೆಸಿಕೊಂಡೇ ಹಣ ಕೊಡಲಿ.

– ಡಿಟಿಪಿ ಅಂಗಡಿಯವಳು, ಬದಿಯಡ್ಕ