ಡ್ರಾಯಿಂಗ್ ಕಣ್ಣಿಗೆ ಚೆನ್ನಾಗಿ ಕಂಡರೆ ಸಾಲದು

ಸಂಪಾದಕರಿಗೆ ನಮಸ್ಕಾರ,

ಕಲ್ಯಾಣ ಕರ್ನಾಟಕದ ಹುಡುಗರಿಗೆ ಕೌಶಲ ಕಲಿಸಬೇಕು ಅಂತ ಪತ್ರಿಕೆಗಳಲ್ಲಿ ಆಗಾಗ ಬರಹ ಬರುತ್ತಿರುತ್ತದೆ. ಒಳ್ಳೆಯದೇ. ಆದರೆ ಕೌಶಲ ಅಂದ ಕೂಡಲೇ ಮಾತೆಲ್ಲ ಮಷಿನ್ ಕಡೆಗೇ ಹೋಗುತ್ತದೆ. ಎಷ್ಟು ಮಷಿನ್ ಬಂತು, ಎಷ್ಟು ಕೋಟಿ ಬಂತು, ಅಷ್ಟೇ. 2022ರ ಜೂನ್‌ನಲ್ಲಿ ರಾಜ್ಯದ 150 ಐಟಿಐಗಳನ್ನು ಮೇಲ್ದರ್ಜೆಗೆ ಏರಿಸಿ ಪ್ರಧಾನಿಯವರು ಉದ್ಘಾಟಿಸಿದ್ದು ನಿಮಗೂ ನೆನಪಿರಬಹುದು. 4,600 ಕೋಟಿ ರೂಪಾಯಿಗೂ ಜಾಸ್ತಿ ಖರ್ಚಿನ ಕೆಲಸ ಅದು. ಮಷಿನ್ ಬಂದದ್ದಕ್ಕೆ ನನಗೆ ಖುಷಿಯೇ ಇದೆ. ನನ್ನ ತಕರಾರು ಬೇರೆ. ಡ್ರಾಯಿಂಗ್‌ಗೂ ಮಷಿನ್‌ಗೂ ನಡುವೆ ಒಂದು ಮೆಟ್ಟಿಲು ಇದೆ, ಕ್ಯಾಡ್‌ನಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಬರೆಯುವ ಸಾಫ್ಟ್‌ವೇರ್‌ನಲ್ಲಿ, ಬರೆದದ್ದನ್ನು ಮಷಿನ್ ಓಡಿಸುವ ಪ್ರೋಗ್ರಾಮ್ ತಯಾರಿಸುವ ಕ್ಯಾಮ್ ಸಾಫ್ಟ್‌ವೇರ್‌ಗೆ ತರುವುದು. ಅದನ್ನು ಯಾರೂ ಕೂತು ಕಲಿಸಿದ ಹಾಗೆ ಕಾಣುವುದಿಲ್ಲ.

ನಾನು ಗಂಗಾವತಿಯಲ್ಲಿ ಒಂದು ಸಣ್ಣ ವರ್ಕ್‌ಶಾಪ್ ನಡೆಸುತ್ತೇನೆ. ಇಲ್ಲಿ ರೈಸ್ ಮಿಲ್‌ಗಳಿಗೇನು ಕಮ್ಮಿ, ಹಾಗಾಗಿ ಅವುಗಳ ಸ್ಪೇರ್ ಕೆಲಸವೇ ಜಾಸ್ತಿ. ಫ್ಲ್ಯಾಂಜು, ಬೇರಿಂಗ್ ಹೌಸಿಂಗು, ಎಲಿವೇಟರ್‌ನ ಸ್ಪ್ರಾಕೆಟ್ಟು, ಇಂಥವು. ಐಟಿಐ, ಡಿಪ್ಲೊಮಾ ಮುಗಿಸಿದ ಹುಡುಗರು ಕೆಲಸ ಕೇಳಿಕೊಂಡು ಬರುತ್ತಾರೆ. ಕ್ಯಾಡ್ ಬರುತ್ತಾ ಅಂದರೆ ಬರುತ್ತೆ ಸರ್ ಅಂತಾರೆ. ಕ್ಯಾಮ್? ಅದೂ ಬರುತ್ತೆ. ಸುಳ್ಳು ಹೇಳುತ್ತಿಲ್ಲ ಪಾಪ, ಎರಡೂ ಬರುತ್ತವೆ. ಆದರೆ ಕ್ಲಾಸಿನಲ್ಲಿ ಅವರು ಟೂಲ್‌ಪಾತ್, ಅಂದರೆ ಕಡಿಯುವ ಟೂಲ್ ಓಡುವ ದಾರಿ, ಹಾಕಿದ್ದು ಮೇಷ್ಟ್ರು ಮೊದಲೇ ಸ್ವಚ್ಛ ಮಾಡಿಟ್ಟ ಫೈಲ್ ಮೇಲೆ. ಮಿಲ್ಲಿನವರು ಯಾರೋ ಹತ್ತು ವರ್ಷದ ಹಿಂದೆ ಬರೆಸಿದ ಡಿಎಕ್ಸ್ಎಫ್ ಫೈಲ್ ಕೊಟ್ಟು, ಇದನ್ನು ಕ್ಯಾಮ್‌ಗೆ ಹಾಕು ತಮ್ಮಾ ಅಂದರೆ ಕೈ ನಿಂತುಬಿಡುತ್ತದೆ. ಇಲ್ಲವೇ ಕೈ ನಿಲ್ಲುವುದೇ ಇಲ್ಲ, ತಪ್ಪು ನೋಡದೇ ಮುಂದೆ ಹೋಗುತ್ತದೆ, ಅದು ಇನ್ನೂ ಅಪಾಯ.

ಮೊದಲು ಅಳತೆಯ ಮಾತು. ಡಿಎಕ್ಸ್ಎಫ್ ಅನ್ನುವುದು 1982ರಲ್ಲಿ ಆಟೋಕ್ಯಾಡ್ ಅನ್ನುವ ಕ್ಯಾಡ್ ಸಾಫ್ಟ್‌ವೇರ್ ಜೊತೆಗೇ ಬಂದ ಹಳೆ ಫೈಲ್ ನಮೂನೆ. ಅದರೊಳಗೆ ಗೆರೆಗೆ 250 ಅಂತ ಇರುತ್ತದೆ, ಅಷ್ಟೇ. 250 ಏನು? ಮಿಲಿಮೀಟರೋ ಇಂಚೋ? ಈಚಿನ ಫೈಲ್‌ಗಳಲ್ಲಿ ಅದನ್ನು ಹೇಳುವ ಒಂದು ಸೆಟ್ಟಿಂಗ್ ಇದೆ, 1 ಅಂದರೆ ಇಂಚು, 4 ಅಂದರೆ ಮಿಲಿಮೀಟರ್, 0 ಅಂದರೆ ಏನೂ ಹೇಳಿಲ್ಲ ಅಂತ. ಹೇಳದೇ ಇದ್ದಾಗ ಕ್ಯಾಮ್ ತನ್ನ ಲೆಕ್ಕದಲ್ಲಿ ಏನಿದೆಯೋ ಅದನ್ನೇ ಹಿಡಿಯುತ್ತದೆ. ಅದು ಇಂಚಿನಲ್ಲಿದ್ದರೆ ಎಲ್ಲ 25.4 ಪಟ್ಟು. 250 ಮಿಲಿಮೀಟರ್ ಪ್ಲೇಟು 6,350 ಮಿಲಿಮೀಟರ್ ಆಯಿತು, ಅಂದರೆ ಆರು ಮೀಟರಿಗೂ ಮೇಲೆ! ಇಷ್ಟು ದೊಡ್ಡ ತಪ್ಪು ಕಣ್ಣಿಗೆ ಕಾಣೋದಿಲ್ವಾ ಅಂತ ನೀವು ಕೇಳಬಹುದು. ಕಾಣೋದಿಲ್ಲ. ಯಾಕಂದರೆ ಫೈಲ್ ತೆಗೆದ ಕೂಡಲೇ ಸಾಫ್ಟ್‌ವೇರ್ ಡ್ರಾಯಿಂಗನ್ನು ಪರದೆಗೆ ಸರಿಯಾಗಿ ಹೊಂದಿಸಿ ತೋರಿಸುತ್ತದೆ, ಆರು ಮೀಟರಿನದೂ ಅಷ್ಟೇ ಕಾಣುತ್ತದೆ, ಆರು ಇಂಚಿನದೂ ಅಷ್ಟೇ ಕಾಣುತ್ತದೆ. ಸಿಮ್ಯುಲೇಶನ್ ಓಡಿಸಿದರೂ ಅದೇ ತಪ್ಪು ಡ್ರಾಯಿಂಗನ್ನು ಅಂದವಾಗಿ ಕಡಿದು ತೋರಿಸುತ್ತದೆ. ಹಾಗಾಗಿ ಇಂಪೋರ್ಟ್ ಆದ ಮೇಲೆ ಗೊತ್ತಿರುವ ಒಂದು ಅಳತೆಯನ್ನು ಕ್ಯಾಮ್ ಒಳಗೇ ಮತ್ತೊಮ್ಮೆ ಅಳೆಯಬೇಕು. ಮುಂದೆ ಮಷಿನ್‌ಗೆ ಹೋಗುವ ಪ್ರೋಗ್ರಾಮಿನಲ್ಲೂ ಜಿ21 ಅನ್ನುವ ಕೋಡ್ ಇದೆಯಾ ಜಿ20 ಇದೆಯಾ ಅಂತ ನೋಡಬೇಕು, ಮೊದಲನೆಯದು ಮಿಲಿಮೀಟರ್, ಎರಡನೆಯದು ಇಂಚು.

ಇನ್ನು ಬಾಯಿ ಬಿಟ್ಟ ಗೆರೆಗಳು. ಪಾಕೆಟ್, ಅಂದರೆ ಲೋಹದಲ್ಲಿ ಒಂದು ತಗ್ಗು, ಕಡಿಯಬೇಕಾದರೆ ಸುತ್ತಲಿನ ಗೆರೆ ಪೂರ್ತಿ ಮುಚ್ಚಿರಬೇಕು. ಮೂಲೆಯಲ್ಲಿ ಎರಡು ಗೆರೆ ಸೇರಿದ ಹಾಗೆ ಕಾಣುತ್ತದೆ, ಝೂಮ್ ಮಾಡುತ್ತಾ ಹೋದರೆ ನಡುವೆ 0.05 ಮಿಲಿಮೀಟರ್ ಸಂದು. ಪೇಪರಿನಲ್ಲಿ ಪ್ರಿಂಟ್ ತೆಗೆದರೆ ಆ ಸಂದು ಯಾವ ಜನ್ಮಕ್ಕೂ ಕಾಣದು. ಕ್ಯಾಮ್ ಮಾತ್ರ ಅಲ್ಲೇ ನಿಂತು, ಇದು ತೆರೆದ ಗೆರೆ ಅನ್ನುತ್ತದೆ. ಇದರ ಉಲ್ಟಾನೂ ಇದೆ, ಒಂದರ ಮೇಲೆ ಒಂದು ಎರಡೆರಡು ಗೆರೆ ಕೂತಿರುವುದು. ಕಾಪಿ ಮಾಡುವಾಗ ಎಲ್ಲೋ ಬಿದ್ದಿರುತ್ತದೆ. ಆಗ ಟೂಲ್ ಒಂದೇ ದಾರಿಯಲ್ಲಿ ಎರಡು ಸಲ ಹೋಗಬಹುದು, ಇಲ್ಲವೇ ಟೂಲ್ ಹೋಗಬೇಕಾದ ಗೆರೆಗಳನ್ನು ಆರಿಸುವಾಗ ಅವುಗಳ ಸರಪಳಿ ಅರ್ಧಕ್ಕೇ ತುಂಡಾಗಬಹುದು. ಆಟೋಕ್ಯಾಡ್‌ನಲ್ಲಿ ಓವರ್‌ಕಿಲ್ ಅಂತ ಕಮಾಂಡ್ ಇದೆ, ಮೇಲೆ ಮೇಲೆ ಬಿದ್ದ ಗೆರೆಗಳನ್ನು ಅದು ತೆಗೆಯುತ್ತದೆ. ಮೂಲೆ ಸೇರಿಸಲು ಫಿಲೆಟ್ ಕಮಾಂಡಿಗೆ ರೇಡಿಯಸ್ 0 ಕೊಟ್ಟರೆ ಆಯಿತು. ಕೆಲವು ಸಲ ಮೇಲಿಂದ ನೋಡಿದರೆ ಸೇರಿರುತ್ತವೆ, ಆದರೆ ಒಂದು ಗೆರೆ ಝಡ್‌ನಲ್ಲಿ ಎತ್ತರಕ್ಕೆ ಕೂತಿರುತ್ತದೆ, ಅದನ್ನು ಫ್ಲ್ಯಾಟನ್ ಕಮಾಂಡಿನಿಂದ ಒಂದೇ ಮಟ್ಟಕ್ಕೆ ತರಬೇಕು. ಕಲಿತರೆ ಐದು ನಿಮಿಷದ ಕೆಲಸ. ಕಲಿಯದೇ ಇದ್ದವರು ಅರ್ಧ ದಿನ ತಲೆ ಕೆಡಿಸಿಕೊಂಡು, ಕೊನೆಗೆ ಸಾಫ್ಟ್‌ವೇರ್ ಸರಿ ಇಲ್ಲ ಸರ್ ಅಂತಾರೆ.

ಇವೆಲ್ಲಕ್ಕಿಂತ ದೊಡ್ಡ ಗುಂಡಿ ಬೇರೆ ಇದೆ, ಅದಕ್ಕಾಗಿಯೇ ಈ ಪತ್ರ ಬರೆಯುತ್ತಿದ್ದೇನೆ ಅಂದರೂ ಸರಿ. ಈಚೆಗೆ ಒಂದು ಬೇರಿಂಗ್ ಹೌಸಿಂಗ್ ಕೆಲಸ ಬಂತು. ಡ್ರಾಯಿಂಗ್‌ನಲ್ಲಿ ಬೋರ್, ಅಂದರೆ ಬೇರಿಂಗ್ ಕೂರುವ ತೂತು, 52 ಅಂತ ಬರೆದಿತ್ತು. 6205 ಬೇರಿಂಗು, ಹೊರ ವ್ಯಾಸ 52, ಸರಿಯಾಗೇ ಇದೆ. ಆದರೆ ಕ್ಯಾಮ್‌ನಲ್ಲಿ ಆ ಸರ್ಕಲ್ ಮೇಲೆ ಕ್ಲಿಕ್ ಮಾಡಿ ನೋಡಿದರೆ ವ್ಯಾಸ 62! ಆಗಿದ್ದೇನಂದರೆ, ಡ್ರಾಯಿಂಗ್ ಮೊದಲು ಇದ್ದದ್ದು 6206 ಬೇರಿಂಗಿಗೆ, ಅದರ ಹೊರ ವ್ಯಾಸ 62. ಆಮೇಲೆ ಯಾರೋ ಬೇರಿಂಗ್ ಬದಲಿಸಿದ್ದಾರೆ, ಸರ್ಕಲ್ ಮತ್ತೆ ಬರೆಯುವ ಬದಲು ಸುಮ್ನೆ ಅಳತೆಯ ಅಕ್ಷರವನ್ನು 52 ಅಂತ ತಿದ್ದಿದ್ದಾರೆ. ಹುಡುಗ ಅಂತಾನೆ, ಸರ್, ಡ್ರಾಯಿಂಗ್‌ನಲ್ಲಿ 52 ಅಂತಾನೇ ಇದೆಯಲ್ಲಾ. ಇದೆ ತಮ್ಮಾ, ಆದರೆ ಅದನ್ನು ಓದುವುದು ನೀನು, ಮಷಿನ್ ಅಲ್ಲ. ಹಳೆ ಕಾಲದ ಟರ್ನರ್ ಕೈಯಲ್ಲಿ ಪೇಪರ್ ಕೊಟ್ಟರೆ ಅವನು ಅಂಕಿಯನ್ನೇ ನಂಬುತ್ತಿದ್ದ, ಗೆರೆ ಸ್ವಲ್ಪ ಆಚೀಚೆ ಇದ್ದರೂ ಪರವಾಗಿರಲಿಲ್ಲ. ಡ್ರಾಯಿಂಗ್ ಮೇಲೆ ಸ್ಕೇಲ್ ಇಟ್ಟು ಅಳೆಯಬೇಡ ಅಂತಲೇ ನಮಗೆಲ್ಲ ಹೇಳಿಕೊಟ್ಟಿದ್ದು. ಕ್ಯಾಮ್‌ಗೆ ಬಂದರೆ ಕಾಯಿದೆಯೇ ತಿರುಗಿಬಿಡುತ್ತದೆ. ಅಲ್ಲಿ ಗೆರೆ ಎಷ್ಟಿದೆಯೋ ಅಷ್ಟೇ ನಿಜ, ಅಂಕಿ ಬರೀ ಅಲಂಕಾರ. 52ರ ಬೋರ್ ಸಣ್ಣದಾಗಿದ್ದರೆ ಇನ್ನೊಮ್ಮೆ ಬೋರಿಂಗ್ ಮಾಡಿ ಸರಿಪಡಿಸಬಹುದು, 62 ಆಗಿಹೋದರೆ ಆ ಎರಕದ ತುಂಡು ಗುಜರಿಗೇ.

ಟಾಲರೆನ್ಸ್, ಅಂದರೆ ಅಳತೆಯಲ್ಲಿ ಎಷ್ಟು ಹೆಚ್ಚುಕಮ್ಮಿ ನಡೆಯುತ್ತದೆ ಅನ್ನುವ ಮಿತಿ, ಅದರ ಕಥೆಯೂ ಇದೇ. 52ರ ಪಕ್ಕ ಎಚ್7 ಅಂತ ಬರೆದಿದ್ದರೆ ಬೋರ್ 52.000ದಿಂದ 52.030ರ ಒಳಗೆ ಇರಬೇಕು. ಕ್ಯಾಮ್‌ಗೆ ಬರುವ ಸರ್ಕಲ್ ಮಾತ್ರ ಬರೀ 52. ಆ 0.03 ಮಿಲಿಮೀಟರಿನ ಜವಾಬ್ದಾರಿ ಮನುಷ್ಯನದೇ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಒಂದೇ ಹಾಳೆಯಲ್ಲಿ ಹತ್ತು ಭಾಗ ಬರೆದಿರುತ್ತಾರೆ, ನಮಗೆ ಬೇಕಾದದ್ದು ಡ್ರಾಯಿಂಗ್‌ನ ಸೊನ್ನೆ ಬಿಂದುವಿನಿಂದ ನಾಲ್ಕು ಮೀಟರ್ ದೂರ ಕೂತಿರುತ್ತದೆ. ಅದನ್ನು ಹಾಗೇ ತಂದು, ಜಾಬಿನ ಸೊನ್ನೆ ಎಲ್ಲಿ ಅಂತ ಕ್ಯಾಮ್‌ಗೆ ಹೇಳದೇ ಪ್ರೋಗ್ರಾಮ್ ತೆಗೆದರೆ ಮಷಿನ್ ತನ್ನ ಮಿತಿ ದಾಟಿತು ಅನ್ನುವ ಓವರ್‌ಟ್ರಾವೆಲ್ ಅಲಾರಂ ಹೊಡೆದು ನಿಲ್ಲುತ್ತದೆ, ಅದೂ ಅದೃಷ್ಟ ಇದ್ದರೆ. ಫ್ಲ್ಯಾಂಜಾದರೆ ನಡುವಿನ ಬೋರ್, ಪ್ಲೇಟಾದರೆ ಒಂದು ಮೂಲೆ, ಹೀಗೆ ಸೊನ್ನೆ ಗೊತ್ತು ಮಾಡಿ, ಮಷಿನ್ ಮೇಲೆ ಜಿ54, ಅಂದರೆ ಜಾಬಿನ ಸೊನ್ನೆ, ಹಿಡಿಯುವವನಿಗೂ ಅದನ್ನೇ ಹೇಳಬೇಕು. ಟೈಟಲ್ ಬ್ಲಾಕು, ಅಳತೆ ಗೆರೆ, ಸೆಂಟರ್ ಲೈನು ಇವೆಲ್ಲ ಡ್ರಾಯಿಂಗ್‌ನ ಬೇರೆ ಲೇಯರ್‌ನಲ್ಲಿ, ಅಂದರೆ ಬೇರೆ ಪದರದಲ್ಲಿ ಇದ್ದರೆ ಒಂದೇ ಏಟಿಗೆ ಆಫ್ ಮಾಡಬಹುದು, ಎಲ್ಲ ಸೊನ್ನೆ ಲೇಯರ್‌ನಲ್ಲೇ ತುರುಕಿದ್ದರೆ ಒಂದೊಂದೇ ಹೆಕ್ಕುತ್ತಾ ಕೂತಿರಬೇಕು. ಸ್ಪ್ಲೈನ್ ಅನ್ನುವ ಬಳುಕುವ ಗೆರೆ ಇದ್ದರೆ ಅದು ಸಾವಿರಾರು ಸಣ್ಣ ಗೆರೆಯಾಗಿ ಒಡೆದು, ಹಳೆ ಕಂಟ್ರೋಲರ್ ಇರುವ ಮಷಿನ್ ತಡವರಿಸುತ್ತದೆ. ಡಿಎಕ್ಸ್ಎಫ್‌ನ ಹಳೆಯ ಆರ್12 ನಮೂನೆಯಲ್ಲಿ ಸೇವ್ ಮಾಡಿದರೆ ಸ್ಪ್ಲೈನ್ ಪಾಲಿಲೈನ್ ಆಗಿ, ಅಂದರೆ ತುಂಡು ಗೆರೆಗಳ ಸಾಲಾಗಿ ಬರುತ್ತದೆ, ಆದರೆ ಆ ನಮೂನೆಯಲ್ಲಿ ಅಳತೆಯ ಸೆಟ್ಟಿಂಗ್ ಇಲ್ಲ, ಮತ್ತೆ ಇಂಚು ಮಿಲಿಮೀಟರ್ ಪಂಚಾಯಿತಿ! ಒಳಮೂಲೆ ಚೂಪಾಗಿ ಬರೆದವರಿಗಂತೂ ಏನು ಹೇಳೋಣ. 6 ಮಿಲಿಮೀಟರ್ ದಪ್ಪದ ಎಂಡ್ ಮಿಲ್ ಅನ್ನುವ ಕಡಿಯುವ ಟೂಲ್ ಒಳಮೂಲೆಯಲ್ಲಿ 3 ಮಿಲಿಮೀಟರ್ ರೇಡಿಯಸ್ ಬಿಟ್ಟೇ ಬಿಡುತ್ತದೆ, 5 ಮಿಲಿಮೀಟರ್ ಸ್ಲಾಟಿನೊಳಗೆ ಅದು ಇಳಿಯುವುದೇ ಇಲ್ಲ.

ಇದನ್ನು ಕಲಿಸಲು ಕೋಟಿ ಬೇಡ. ಲಿಬ್ರೆಕ್ಯಾಡ್ ಉಚಿತ, ಫ್ರೀಕ್ಯಾಡ್ ಉಚಿತ. ಫ್ರೀಕ್ಯಾಡ್‌ನ 1.0 ಆವೃತ್ತಿ 2024ರ ನವೆಂಬರ್‌ನಲ್ಲಿ ಬಂತು, ಟೂಲ್‌ಪಾತ್ ಹಾಕುವ ಕ್ಯಾಮ್ ವಿಭಾಗ ಅದರೊಳಗೇ ಇದೆ. ಹುಡುಗರು ಎಲ್ಲಿಂದಲೋ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹಾಕಿಕೊಂಡು ವೈರಸ್ ತರುವುದಕ್ಕಿಂತ ಇದು ಮೇಲಲ್ವಾ? ಮಷಿನ್ ಸಮಯ ಸಿಗದಿದ್ದರೂ ನಡೆಯುತ್ತದೆ, ಈ ಕೆಲಸ ಮುಕ್ಕಾಲು ಪಾಲು ಕಂಪ್ಯೂಟರ್ ಮುಂದೆಯೇ ಆಗುವಂಥದ್ದು. ಮೊದಲ ಜಾಬ್ ಪ್ಲೈವುಡ್ ತುಂಡಿನ ಮೇಲೆ ಮಾಡಿಸಲಿ, ಅದಕ್ಕೂ ಮುಂಚೆ ಟೂಲನ್ನು ಮೇಲೆತ್ತಿ ಗಾಳಿಯಲ್ಲಿ ಒಂದು ಸುತ್ತು ಓಡಿಸಲಿ.

ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಐಟಿಐ, ಪಾಲಿಟೆಕ್ನಿಕ್‌ಗಳಲ್ಲಿ ಪಾಠ ಮಾಡುವವರಿಗೆ, ಪ್ರಾಕ್ಟಿಕಲ್ ಪರೀಕ್ಷೆ ರೂಪಿಸುವ ಇಲಾಖೆಯವರಿಗೆ ನನ್ನ ಕೋರಿಕೆ ಇಷ್ಟೇ. ಪರೀಕ್ಷೆಯಲ್ಲಿ ಶುದ್ಧವಾದ ಫೈಲ್ ಕೊಡಬೇಡಿ. ಕೆಟ್ಟ ಫೈಲ್ ಕೊಡಿ. ಅಳತೆ ತಪ್ಪಿದ್ದು, ಮೂಲೆ ಬಿಟ್ಟಿದ್ದು, ಅಂಕಿ ಒಂದು ಗೆರೆ ಇನ್ನೊಂದು ಇರುವಂಥದ್ದು. ಅದರಲ್ಲಿ ತಪ್ಪು ಹುಡುಕಿ, ಸರಿ ಮಾಡಿ, ಆಮೇಲೆ ಟೂಲ್‌ಪಾತ್ ಹಾಕಿದವನಿಗೆ ಅಂಕ ಕೊಡಿ. ತೋರಣಗಲ್ಲಿನ ಸ್ಟೀಲ್ ಕಾರ್ಖಾನೆ ಸುತ್ತಮುತ್ತ ಕೆಲಸ ಹುಡುಕುವ ಹುಡುಗನಿಗೂ, ಬೆಂಗಳೂರಿನ ಪೀಣ್ಯಕ್ಕೆ ಬಸ್ ಹತ್ತುವ ಹುಡುಗನಿಗೂ ದಿನಾ ಎದುರಾಗುವುದು ಅಂಥ ಫೈಲೇ. ಮಾದರಿಗೆ ಎಲ್ಲಿ ಹೋಗೋಣ ಅನ್ನಬೇಡಿ. ಕೆಟ್ಟ ಡ್ರಾಯಿಂಗ್‌ಗೆ ನಮ್ಮಂಥ ವರ್ಕ್‌ಶಾಪ್‌ಗಳಲ್ಲಿ ಬರವೇ ಇಲ್ಲ, ಗಿರಾಕಿಗಳನ್ನು ಒಂದು ಮಾತು ಕೇಳಿ, ಹೆಸರು ತೆಗೆದು, ಪೆನ್‌ಡ್ರೈವ್ ತುಂಬ ಹಾಕಿ ಕೊಡುತ್ತೇವೆ.

– ವರ್ಕ್‌ಶಾಪ್ ನಡೆಸುವ ಓದುಗ, ಗಂಗಾವತಿ, ಕೊಪ್ಪಳ ಜಿಲ್ಲೆ