ಪುಟ್ಟನನ್ನು ಮಣ್ಣಿಗೆ ಬಿಡು

ಪ್ರೀತಿಯ ಸುಮಾ,

ನಿನ್ನ ಕಾಗದ ಬಂತು. ಪುಟ್ಟನ ಮೊಣಕೈ ಮಡಿಕೆಯಲ್ಲಿ ಮತ್ತೆ ಇಸುಬು ಎದ್ದಿದೆ, ರಾತ್ರಿಯೆಲ್ಲ ಕೆರೆದುಕೊಳ್ಳುತ್ತಾನೆ ಎಂದು ಓದಿ ಹೊಟ್ಟೆ ಚುರುಕ್ ಎಂದಿತು. ಆಮೇಲಿನದ್ದು ಓದಿ ಕೋಪವೂ ಬಂತು. ಅವನಿಗೆ ಮಣ್ಣು ಮುಟ್ಟಲೂ ಬಿಡುತ್ತಿಲ್ಲವಂತೆ. ದಿನಕ್ಕೆ ಎರಡು ಸಲ ಕ್ರಿಮಿ ಕೊಲ್ಲುವ ಸೋಪು ಹಾಕಿ ತಿಕ್ಕುತ್ತೀಯಂತೆ! ನಿನ್ನಣ್ಣ ಚಿಕ್ಕವನಿದ್ದಾಗ ನಾನೂ ಇದನ್ನೇ ಮಾಡಿದೆ. ಚರ್ಮ ಒಣಗಿ ಬಿರುಕು ಬಿಟ್ಟಿತು, ಅಷ್ಟೇ.

ಚರ್ಮದ ಮೇಲೆ ಕಣ್ಣಿಗೆ ಕಾಣದ ಜೀವಿಗಳ ದೊಡ್ಡ ಸಂಸಾರವೇ ಇದೆ ಕಣೇ. ಹತ್ತಾರು ಬಗೆಯವು ಒಟ್ಟಿಗಿದ್ದರೆ ಯಾವುದೂ ಅತಿಯಾಗಿ ಮೆರೆಯುವುದಿಲ್ಲ. ಅವುಗಳಲ್ಲಿ ಕೆಲವು, ಕೆಟ್ಟದ್ದನ್ನು ಕೊಲ್ಲುವ ರಸವನ್ನೂ ಬಿಡುತ್ತವೆ. ಇಸುಬು ಕೆರಳಿದಾಗ ಬಗೆಗಳು ಕಡಿಮೆಯಾಗಿ, ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಜಾಸ್ತಿಯಾಗುತ್ತದೆ. ಅದು ಉರಿ, ತುರಿಕೆ ಹೆಚ್ಚಿಸುತ್ತದೆ. ಕೆರೆದಷ್ಟೂ ಅದಕ್ಕೇ ಜಾಗ. ನಿನ್ನ ಸೋಪು ಒಳ್ಳೆಯದು ಕೆಟ್ಟದ್ದು ನೋಡುವುದಿಲ್ಲ, ಚರ್ಮದ ಎಣ್ಣೆಯನ್ನೂ ತೊಳೆದುಬಿಡುತ್ತದೆ.

ಫಿನ್ಲೆಂಡಿನಲ್ಲಿ ನಡೆದ ಒಂದು ಕೆಲಸ ನನಗೆ ಬಹಳ ಹಿಡಿಸಿತು. ಕೆಲವು ಶಿಶುವಿಹಾರಗಳ ಬೋಳು ಅಂಗಳಕ್ಕೆ ಕಾಡಿನ ನೆಲವನ್ನೇ ಪದರವಾಗಿ ಕಿತ್ತು ತಂದು ಹಾಸಿದರು. ಗಿಡ ನೆಡಲು ಪೆಟ್ಟಿಗೆಗಳನ್ನೂ ಇಟ್ಟರು. 3ರಿಂದ 5 ವರ್ಷದ ಮಕ್ಕಳು ಅಲ್ಲಿ 28 ದಿನ ಆಡಿದರು. ಅವರ ಚರ್ಮದ ಮೇಲೆ ಬ್ಯಾಕ್ಟೀರಿಯಾದ ಬಗೆಗಳು ಹೆಚ್ಚಿದವು. ಉರಿಯೂತಕ್ಕೆ ಕಡಿವಾಣ ಹಾಕುವ ಗುರುತುಗಳು ರಕ್ತದಲ್ಲಿ ಕಂಡವು. ಇದು ಅಚ್ಚಾದದ್ದು 2020ರಲ್ಲಿ. ಅದಕ್ಕೂ ಮೊದಲು, 2012ರಲ್ಲಿ ಅಚ್ಚಾದ ಅಧ್ಯಯನದಲ್ಲಿ, ಅದೇ ದೇಶದ ವಿಜ್ಞಾನಿ ಇಲ್ಕಾ ಹನ್ಸ್ಕಿ ಮತ್ತು ಜೊತೆಗಾರರು 118 ಹದಿಹರೆಯದವರನ್ನು ನೋಡಿದ್ದರು. ಅಲರ್ಜಿಗೆ ಬೇಗ ಒಳಗಾಗುವ ಮೈಯವರ ಮನೆ ಸುತ್ತ ಗಿಡಮರಗಳ ಬಗೆ ಕಡಿಮೆ ಇತ್ತು. ಅವರ ಚರ್ಮದ ಮೇಲೂ ಒಂದು ಗುಂಪಿನ ಬ್ಯಾಕ್ಟೀರಿಯಾದ ಬಗೆಗಳು ಕಡಿಮೆ ಇದ್ದವು.

ಇಷ್ಟು ಕೇಳಿ ಮಣ್ಣನ್ನೇ ಮುಲಾಮು ಮಾಡಿ ಬಳಿಯಬೇಡ, ನಿನ್ನ ಆತುರ ನನಗೆ ಗೊತ್ತು. ಶಿಶುವಿಹಾರದಲ್ಲಿ ಇಸುಬು ವಾಸಿಯಾಗುತ್ತದಾ ಎಂದು ನೋಡಿದ್ದಲ್ಲ. ಹೊರಗಿನದನ್ನು ತಡೆಯುವ ಚರ್ಮದ ಬೇಲಿ ಹುಟ್ಟಿನಿಂದಲೇ ಸಡಿಲವಿರುವ ಮಕ್ಕಳಿದ್ದಾರೆ, ಅದನ್ನು ಮಣ್ಣು ಸರಿಮಾಡುವುದಿಲ್ಲ. ಬಾಟಲಿಯಲ್ಲಿ ಬರುವ 'ಒಳ್ಳೆ ಬ್ಯಾಕ್ಟೀರಿಯಾ'ಗೂ ಸುಮ್ನೆ ದುಡ್ಡು ಸುರಿಯಬೇಡ. ಆರೋಗ್ಯವಂತರ ಚರ್ಮದಿಂದ ತೆಗೆದ ರೋಸಿಯೊಮೊನಾಸ್ ಎಂಬ ಬ್ಯಾಕ್ಟೀರಿಯಾ ಇಸುಬಿಗೆ ಮದ್ದಾದೀತೆಂದು 2018ರಲ್ಲಿ ತುಂಬಾ ಆಸೆ ಹುಟ್ಟಿಸಿತ್ತು. 2021ರ ದೊಡ್ಡ ಪರೀಕ್ಷೆಯಲ್ಲಿ ಅದು ಗುರಿ ಮುಟ್ಟಲಿಲ್ಲ.

ಹಾಗಾದರೆ ಏನು ಮಾಡಲಿ ಅಂತೀಯಾ? ಗಾಯವಿಲ್ಲದ ದಿನ ಅವನನ್ನು ಗಿಡಗಳ ನಡುವೆ ಬಿಡು. ಮಣ್ಣು ಅಗೆಯಲಿ, ಎಲೆ ಆರಿಸಲಿ. ಬೆಕ್ಕು ನಾಯಿ ಹೊಲಸು ಮಾಡುವ ಜಾಗ ಬೇಡ. ಹುಲ್ಲು ತಗುಲಿ ಮೈ ಕೆಂಪಾದರೆ ಆ ಜಾಗ ಬಿಡು. ಬಂದ ಮೇಲೆ ಕೈಗೆ ಸೋಪು ಸಾಕು, ಮೈಗೆ ಬರೀ ಉಗುರುಬೆಚ್ಚಗಿನ ನೀರು. ಟವೆಲಿನಲ್ಲಿ ಒತ್ತಿ ಒರೆಸಿ, ಪಸೆ ಇರುವಾಗಲೇ ತೇವ ಹಿಡಿಯುವ ಕ್ರೀಮು ಹಚ್ಚು. ಡಾಕ್ಟರು ಕೊಟ್ಟ ಮುಲಾಮು ಮಾತ್ರ ನಿಲ್ಲಿಸಬೇಡ. ಚರ್ಮ ಒಡೆದು ನೀರು ಸೋರಿದರೆ, ಹಳದಿ ಹಕ್ಕಳೆ ಕಟ್ಟಿದರೆ ಮಣ್ಣಾಟ ಬಂದ್, ಅವತ್ತೇ ಡಾಕ್ಟರ ಹತ್ತಿರ ಹೋಗು.

ಮುಂದಿನ ತಿಂಗಳು ಬರುತ್ತೇನೆ. ಬಚ್ಚಲಲ್ಲಿ ಆ ಸೋಪು ಕಂಡರೆ ನಾನೇ ಎತ್ತಿ ಬಿಸಾಡುತ್ತೇನೆ, ಆಮೇಲೆ ಮುನಿಸಿಕೊಳ್ಳಬೇಡ.

ನಿನ್ನ ದೊಡ್ಡಮ್ಮ