ಒಂದೇ ಉತ್ಪನ್ನ ಸಂಖ್ಯೆಯಡಿ ಎರಡು ಬೇರೆ ಸೈನಿಕರನ್ನು ಕಳುಹಿಸಿರುವ ಬಗ್ಗೆ ದೂರು

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ‘ಫ್ರೆಂಚ್ ಲೈನ್ ಫ್ಯೂಸಿಲಿಯರ್, 1809’ ಮಿನಿಫಿಗರ್‌ಗಳ ವಿನ್ಯಾಸವನ್ನು ತಿಳಿಸದೆ ಬದಲಿಸಿರುವುದು, ಕಳಪೆ ಮುದ್ರಣ ಹಾಗೂ ಬಂದೂಕುಗಳ ಅಳತೆಯ ದೋಷ.

ಮಾನ್ಯರೇ,

ನಿಮ್ಮಿಂದ ಕೊಂಡ ಮಿನಿಫಿಗರ್‌ಗಳ (ಲೆಗೊ ಮಾದರಿಯ ಪುಟ್ಟ ಪ್ಲಾಸ್ಟಿಕ್ ಗೊಂಬೆಗಳ) ಬಗ್ಗೆ ನಿಮ್ಮ ಸಹಾಯ ವಿಭಾಗಕ್ಕೆ ಈಗಾಗಲೇ ಹಲವು ಸಲ ಬರೆದಿದ್ದೇನೆ. ಕೊನೆಯದಾಗಿ ಬಂದ ಉತ್ತರದ ಸಾರ ಇಷ್ಟು: ಎರಡೂ ನೆಪೋಲಿಯನ್ ಕಾಲದ ಸೈನಿಕರೇ, ಆಟಿಕೆಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸ ಸಹಜ, ತೆರೆದ ಪ್ಯಾಕೆಟ್‌ಗಳನ್ನು ಹಿಂದಕ್ಕೆ ಪಡೆಯುವುದಿಲ್ಲ. ಈ ಮೂರರಲ್ಲಿ ಒಂದನ್ನೂ ನಾನು ಒಪ್ಪುವುದಿಲ್ಲ. ನನ್ನ ದೂರನ್ನು ಓದಿದವರಿಗೆ ಅದು ಯಾವುದರ ಬಗ್ಗೆ ಎಂದೇ ತಿಳಿದಂತಿಲ್ಲ. ಅದಕ್ಕಾಗಿ ನಿಮಗೆ ನೇರವಾಗಿ, ವಿವರವಾಗಿ ಬರೆಯುತ್ತಿದ್ದೇನೆ.

ನಾನು ಕಟ್ಟುತ್ತಿರುವುದು 1809ರ ಜುಲೈ 5 ಮತ್ತು 6ರಂದು ವಿಯೆನ್ನಾ ಬಳಿಯ ವಾಗ್ರಾಮ್‌ನಲ್ಲಿ ಕಾದಾಡಿದ ಫ್ರೆಂಚ್ ಸೇನೆಯ ಒಂದು ಕಾಲಾಳು ಬೆಟಾಲಿಯನ್. 1808ರ ಫೆಬ್ರವರಿಯ ಆದೇಶದ ಪ್ರಕಾರ ಅಂಥ ಬೆಟಾಲಿಯನ್‌ನಲ್ಲಿ ಆರು ಕಂಪನಿಗಳು: ನಾಲ್ಕು ಫ್ಯೂಸಿಲಿಯರ್ (ಸಾಮಾನ್ಯ ಕಾಲಾಳು), ಒಂದು ಗ್ರೆನೇಡಿಯರ್ (ಆಯ್ದ ಅನುಭವಿ ಕಾಲಾಳು), ಒಂದು ವೋಲ್ಟಿಜರ್ (ಮುಂದೆ ಚದುರಿ ಕಾದಾಡುವ ಚುರುಕು ಕಾಲಾಳು). ಕಾಗದದ ಮೇಲಿನ ಲೆಕ್ಕದಲ್ಲಿ ಕಂಪನಿಗೆ 140 ಮಂದಿ, ಒಟ್ಟು 840. ಹತ್ತು ಜನರಿಗೆ ಒಂದು ಮಿನಿಫಿಗರ್ ಎಂಬ ಅನುಪಾತ ಇಟ್ಟುಕೊಂಡರೆ ಕಂಪನಿಗೆ 14 ಬರುತ್ತದೆ. ಒಬ್ಬ ಅಧಿಕಾರಿ, ಒಬ್ಬ ಡ್ರಮ್ ಬಾರಿಸುವವನು, ಉಳಿದ ಹನ್ನೆರಡು ಮಂದಿ ನಾಲ್ವರಂತೆ ಮೂರು ಸಾಲು. ಆಗಿನ ಫ್ರೆಂಚ್ ಕಾಲಾಳುಗಳು ರಣರಂಗದಲ್ಲಿ ಮೂರು ಸಾಲುಗಳಲ್ಲೇ ನಿಲ್ಲುತ್ತಿದ್ದರು, ಆದ್ದರಿಂದ ಈ ಅನುಪಾತ ನನಗೆ ತುಂಬ ಇಷ್ಟವಾಯಿತು. ಅಲ್ಲಿಗೆ ನಾಲ್ಕು ಕಂಪನಿಗಳಿಗೆ 48 ಸಾಮಾನ್ಯ ಫ್ಯೂಸಿಲಿಯರ್‌ಗಳು ಬೇಕು.

ಈ 48 ಮಂದಿಯಲ್ಲಿ ಯಾರು ಯಾವ ಕಂಪನಿಯವರು ಎಂದು ತಿಳಿಯುವುದು ಶಾಕೋ ಟೋಪಿಯ ಮೇಲಿನ ಸಣ್ಣ ಉಂಡೆಯ ಬಣ್ಣದಿಂದ. ಮೊದಲ ಕಂಪನಿಗೆ ಕಡುಹಸಿರು, ಎರಡನೆಯದಕ್ಕೆ ಆಕಾಶನೀಲಿ, ಮೂರನೆಯದಕ್ಕೆ ಕಿತ್ತಳೆ, ನಾಲ್ಕನೆಯದಕ್ಕೆ ನೇರಳೆ. ಅದೊಂದನ್ನು ಬಿಟ್ಟರೆ ಕೊರಳಪಟ್ಟಿಯಿಂದ ಕಾಲಿನವರೆಗೆ ಎಲ್ಲರೂ ಒಂದೇ ತೆರ ಇರಬೇಕು. ದೂರದಿಂದ ನೋಡಿದಾಗ ನೀಲಿ ಕೋಟಿನ, ಬಿಳಿ ಎದೆಯ ಒಂದೇ ಗೋಡೆ ಕಾಣಬೇಕು, ಹತ್ತಿರ ಬಂದಾಗ ಮಾತ್ರ ತಲೆಯ ಮೇಲಿನ ನಾಲ್ಕು ಬಣ್ಣಗಳು ಬಿಡಿಬಿಡಿಯಾಗಿ ತೋರಬೇಕು. ಸೇನೆ ಕಟ್ಟುವ ಹವ್ಯಾಸದ ಸೊಗಸೆಲ್ಲ ಇರುವುದು ಇಲ್ಲಿ. ಒಂದು ಬಿಡಿ ಮಿನಿಫಿಗರ್ ಎಷ್ಟೇ ಚಂದವಿದ್ದರೂ ಪಕ್ಕದವನ ಜೊತೆ ಹೊಂದದಿದ್ದರೆ ನಮಗೆ ಅದು ಉಪಯೋಗಕ್ಕೆ ಬರುವುದಿಲ್ಲ.

ಇಷ್ಟನ್ನೂ ಒಂದೇ ಸಲ ಕೊಳ್ಳುವ ಶಕ್ತಿ ಈ ಹವ್ಯಾಸದಲ್ಲಿರುವ ಹೆಚ್ಚಿನವರಿಗೆ ಇರುವುದಿಲ್ಲ. ನಿಮಗೂ ಅದು ಗೊತ್ತು. ನಿಮ್ಮ ಉತ್ಪನ್ನದ ವಿವರಣೆಯಲ್ಲೇ, ಕಂಪನಿ ಕಂಪನಿಯಾಗಿ ಕೊಳ್ಳಬಹುದು, ಯಾವಾಗ ಕೊಂಡರೂ ವಿನ್ಯಾಸ ಒಂದೇ ಇರುತ್ತದೆ, ಮುದ್ರಣದ ಫೈಲ್‌ಗಳನ್ನು ಕಾಯ್ದಿಡುತ್ತೇವೆ ಎಂದು ಬರೆದಿದ್ದೀರಿ. ಆ ಮಾತನ್ನು ನಂಬಿ ಬೇರೆಯವರನ್ನು ಬಿಟ್ಟು ನಿಮ್ಮನ್ನು ಆರಿಸಿಕೊಂಡೆ. ಮೊದಲ ಎರಡು ಕಂಪನಿಗಳು ಬಂದಾಗ ನಿಜಕ್ಕೂ ಸಂತೋಷವಾಗಿತ್ತು. ನಿಮ್ಮ ವಿನ್ಯಾಸಗಾರರು ಓದಿಕೊಂಡು ಕೆಲಸ ಮಾಡಿದ್ದಾರೆ ಎಂಬುದು ಕೋಟನ್ನು ನೋಡಿದೊಡನೆ ತಿಳಿಯುತ್ತಿತ್ತು. ಎದೆಯ ಮೇಲಿನ ಬಿಳಿ ಲ್ಯಾಪೆಲ್‌ಗಳು (ಕೋಟಿನ ಮುಂಭಾಗದ ಮಡಿಕೆಗಳು) ಕೆಳಗಿಳಿಯುತ್ತ ಎರಡೂ ಬದಿಗೆ ಬಾಗಿ ತೆರೆದುಕೊಳ್ಳುತ್ತಿದ್ದವು, ಆ ತೆರಪಿನಲ್ಲಿ ಒಳಗಿನ ಬಿಳಿ ವೇಸ್ಟ್‌ಕೋಟ್ ಕಾಣುತ್ತಿತ್ತು. ಮದ್ದಿನ ಚೀಲದ ಬಿಳಿ ಪಟ್ಟಿ ಎದೆಯ ಮೇಲೆ ಒಂದೇ ಇತ್ತು. ಎರಡು ಪಟ್ಟಿ ಅಡ್ಡಡ್ಡ ಹಾಯುವುದು ಕತ್ತಿ ಧರಿಸುವ ಗ್ರೆನೇಡಿಯರ್‌ಗಳಿಗೆ. ಅದನ್ನೂ ನೀವು ಸರಿಯಾಗಿ ಹಿಡಿದಿದ್ದಿರಿ.

ಮೂರು ಮತ್ತು ನಾಲ್ಕನೆಯ ಕಂಪನಿಗಳಿಗೆ ಅದೇ ಉತ್ಪನ್ನ ಸಂಖ್ಯೆ, ಅದೇ ಹೆಸರು, ಅದೇ ಚಿತ್ರ ನೋಡಿ ಆರ್ಡರ್ ಮಾಡಿದೆ. ಪ್ಯಾಕೆಟ್‌ನಲ್ಲಿ ಬಂದದ್ದು ಬೇರೆಯೇ ಕೋಟು. ಇದರಲ್ಲಿ ಲ್ಯಾಪೆಲ್‌ಗಳು ಸೊಂಟದವರೆಗೂ ಮುಚ್ಚಿಕೊಂಡಿವೆ, ಬಿಳಿ ಭಾಗ ಕೆಳಗೆ ನೇರ ಗೆರೆಯಲ್ಲಿ ಮುಗಿಯುತ್ತದೆ, ವೇಸ್ಟ್‌ಕೋಟ್ ಕಾಣುವುದೇ ಇಲ್ಲ. ಬೆನ್ನಿನ ಮುದ್ರಣದಲ್ಲೂ ಕೋಟಿನ ಬಾಲ ಗಿಡ್ಡವಾಗಿದೆ. ಇದು 1812ರ ಜನವರಿಯ ನಿಯಮಾವಳಿಯ ಕೋಟು, ಬಾರ್ದಾಂ ನಿಯಮಾವಳಿ ಎಂದು ಕರೆಯುವುದು ಇದನ್ನೇ. ಅದು ಸೈನಿಕರ ಮೈಮೇಲೆ ವ್ಯಾಪಕವಾಗಿ ಬಂದದ್ದು ಇನ್ನೂ ತಡವಾಗಿ, ರಷ್ಯಾಕ್ಕೆ ನಡೆದುಹೋದ ಎಷ್ಟೋ ರೆಜಿಮೆಂಟ್‌ಗಳು ಹಳೆಯ ಕೋಟಿನಲ್ಲೇ ಹೋಗಿದ್ದವು. ಹೀಗಿರುವಾಗ ನನ್ನ ವಾಗ್ರಾಮ್ ಬೆಟಾಲಿಯನ್‌ನ ಅರ್ಧಭಾಗ ಆ ಯುದ್ಧ ಮುಗಿದು ಎರಡೂವರೆ ವರ್ಷವಾದ ಮೇಲೆ ಹುಟ್ಟಿದ ಕೋಟು ತೊಟ್ಟು ನಿಂತಿದೆ.

ಯುದ್ಧಕಾಲದಲ್ಲಿ ಉಡುಪು ಎಲ್ಲರಿಗೂ ಒಂದೇ ಥರ ಇರುತ್ತಿರಲಿಲ್ಲ ಎಂದು ನಿಮ್ಮ ಸಿಬ್ಬಂದಿ ಒಂದು ಉತ್ತರದಲ್ಲಿ ಬರೆದಿದ್ದಾರೆ. ಆ ಮಾತು ನಿಜ. ಹರಿದ ಪ್ಯಾಂಟು, ಬಗೆಬಗೆಯ ಬಣ್ಣದ ಓವರ್‌ಕೋಟು, ಸಿಕ್ಕ ಟೋಪಿ, ಇವೆಲ್ಲ ಇದ್ದವು. ಅಂಥ ಒಂದು ಪ್ಯಾಕ್ ನೀವು ತಂದರೆ ನಾನೇ ಮೊದಲು ಕೊಳ್ಳುತ್ತೇನೆ. ಆದರೆ ಆ ಏರುಪೇರು ಆ ವರ್ಷದಲ್ಲಿ ಇದ್ದ ವಸ್ತುಗಳ ಒಳಗೇ ನಡೆಯುತ್ತದೆ. ಇನ್ನೂ ಯಾರೂ ರೂಪಿಸದ ಕೋಟನ್ನು ಯಾವ ದರ್ಜಿಯೂ ಹೊಲಿದು ಕೊಟ್ಟಿರಲಾರ.

ಹೊಸ ವಿನ್ಯಾಸ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಅದನ್ನು ಬರೆದವರ ಕೈ ಚೆನ್ನಾಗಿದೆ. 1813ರ ಲೈಪ್‌ಜಿಗ್ ಯುದ್ಧವನ್ನು ಕಟ್ಟುವವರಿಗೆ ಅದು ಸರಿಯಾದ ಸೈನಿಕ, ಮುಂದೊಂದು ದಿನ ನನಗೂ ಬೇಕಾಗಬಹುದು. ಅದನ್ನು 1813 ಎಂದು ಹೆಸರಿಟ್ಟು ಬೇರೆ ಸಂಖ್ಯೆಯಲ್ಲಿ ಮಾರಿದ್ದರೆ ಈ ಪತ್ರವೇ ಇರುತ್ತಿರಲಿಲ್ಲ. ಹಳೆಯ ಸಂಖ್ಯೆಯ ಕೆಳಗೆ ಹೊಸ ವಸ್ತು ಇಟ್ಟು, ಹಳೆಯ ಚಿತ್ರವನ್ನೇ ತೋರಿಸುತ್ತ ಮಾರಿದ್ದು ತಪ್ಪು. ಗೋಡೆಗೆ ಅರ್ಧ ಬಣ್ಣ ಬಳಿದಾದ ಮೇಲೆ ಅದೇ ಹೆಸರಿನ ಡಬ್ಬಿಯಲ್ಲಿ ಬೇರೆ ಬಣ್ಣ ತುಂಬಿ ಕೊಟ್ಟ ಹಾಗಾಯಿತು. ಮೊದಲು ಬಳಿದ ಅರ್ಧವೂ ಇದರಿಂದ ಹಾಳು.

ಇನ್ನು ಮುದ್ರಣ. ಪ್ಯಾಡ್ ಪ್ರಿಂಟಿಂಗ್ ಎಂದು ನಿಮ್ಮ ವಿವರಣೆಯಲ್ಲಿದೆ. ಅದರಲ್ಲಿ ಕೊರೆದ ಫಲಕದಿಂದ ಸಿಲಿಕೋನ್ ಮೆತ್ತೆ ಶಾಯಿಯನ್ನು ಎತ್ತಿಕೊಂಡು ಪ್ಲಾಸ್ಟಿಕ್ ಮೇಲೆ ಒತ್ತುತ್ತದೆ, ಒಂದೊಂದು ಬಣ್ಣಕ್ಕೂ ಒಂದೊಂದು ಫಲಕ ಬೇಕು, ಅಂಚುಗಳು ಚೂಪಾಗಿ ಬರುತ್ತವೆ. ಮೊದಲ ಎರಡು ಕಂಪನಿಗಳು ಹಾಗೇ ಇದ್ದವು. ನಂತರ ಬಂದವುಗಳನ್ನು ಭೂತಗನ್ನಡಿಯಲ್ಲಿ ನೋಡಿದರೆ ಬಣ್ಣ ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆಯುತ್ತದೆ, ಬೆರಳಾಡಿಸಿದರೆ ಶಾಯಿ ಉಬ್ಬಿರುವುದು ತಿಳಿಯುತ್ತದೆ. ಇದು ಯುವಿ ಮುದ್ರಣ, ಅಂದರೆ ಶಾಯಿಯನ್ನು ಹನಿಗಳಾಗಿ ಸಿಂಪಡಿಸಿ ಅತಿನೇರಳೆ ಬೆಳಕಿನಿಂದ ಗಟ್ಟಿಮಾಡುವ ವಿಧಾನ. ಯುವಿ ಮುದ್ರಣವೆಂದರೆ ಕೀಳು ಎಂಬ ಅಭಿಪ್ರಾಯ ನನಗಿಲ್ಲ, ಮೇಲ್ಮೈಯನ್ನು ಸರಿಯಾಗಿ ಸಿದ್ಧಮಾಡಿ ಮುದ್ರಿಸಿದರೆ ಅದೂ ನಿಲ್ಲುತ್ತದೆ. ಇಲ್ಲಿ ಆ ಸಿದ್ಧತೆ ಆಗಿಲ್ಲ. ಕಡುನೀಲಿಯ ಮೇಲೆ ಬಿಳಿ ಕೂರಬೇಕಾದರೆ ದಟ್ಟವಾದ ಪದರ ಬೇಕು, ತೆಳುವಾದರೆ ಕೆಳಗಿನ ನೀಲಿ ಇಣುಕುತ್ತದೆ. ನನ್ನ ಕಿತ್ತಳೆ ಮತ್ತು ನೇರಳೆ ಕಂಪನಿಗಳ ಲ್ಯಾಪೆಲ್‌ಗಳು ಬಿಳಿಯಾಗಿಲ್ಲ, ಮಬ್ಬು ನೀಲಿಯಾಗಿವೆ. ಬೆನ್ನಿಗೆ ಸೈನಿಕರ ಚೀಲ ತೊಡಿಸುವಾಗ ಅದರ ಅಂಚು ತಾಗಿದಲ್ಲಿ ಶಾಯಿ ಸಿಪ್ಪೆಯಂತೆ ಎದ್ದಿದೆ. ಚೀಲವನ್ನೂ ನೀವೇ ಇದೇ ಸೈನಿಕನಿಗೆಂದು ಮಾರುತ್ತೀರಿ.

ಪ್ಲಾಸ್ಟಿಕ್‌ನ ನೀಲಿ ಬಣ್ಣದಲ್ಲಿ ಒಂದು ಬ್ಯಾಚಿನಿಂದ ಇನ್ನೊಂದಕ್ಕೆ ತುಸು ಹೆಚ್ಚುಕಡಿಮೆ ಇದೆ. ಅದನ್ನು ನಾನು ದೂರುತ್ತಿಲ್ಲ, ಎಷ್ಟೇ ಎಚ್ಚರ ವಹಿಸಿದರೂ ಅಷ್ಟು ಆಗುತ್ತದೆ.

ಬಂದೂಕುಗಳನ್ನು ಮಾತ್ರ ಬಿಡುವಂತಿಲ್ಲ. ಮಿನಿಫಿಗರ್‌ನ ಕೈಹಿಡಿತಕ್ಕೆ ಒಗ್ಗುವ ಕೋಲಿನ ದಪ್ಪ 3.18 ಮಿಲಿಮೀಟರ್ ಎಂಬುದು ಈ ಕ್ಷೇತ್ರದಲ್ಲಿ ಬಿಡಿಭಾಗ ಮಾಡುವವರು ಸಾಮಾನ್ಯವಾಗಿ ಅನುಸರಿಸುವ ಅಳತೆ. ಹೊಸ ಬ್ಯಾಚಿನ ಬಂದೂಕುಗಳನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದಾಗ ಹಿಡಿಯುವ ಜಾಗದಲ್ಲಿ ದಪ್ಪ ಸುಮಾರು 3.4 ಇದೆ. ನೋಡಲು ಏನೂ ಅಲ್ಲ ಅನ್ನಿಸಬಹುದು. ಆದರೆ ಇದನ್ನು ತೂರಿಸಿದರೆ ಕೈ ಬಾಯಿಬಿಡುತ್ತದೆ, ಕೆಲವು ವಾರ ಹಾಗೇ ಇದ್ದರೆ ಕೈಯ ಬುಡದಲ್ಲಿ ಬೆಳ್ಳಗೆ ಗೆರೆ ಮೂಡಿ ಸೀಳುತ್ತದೆ. ಹಲವು ಸೈನಿಕರ ಕೈ ಈಗಾಗಲೇ ಹೀಗೆ ಸೀಳಿದೆ.

ಇಷ್ಟಾದ ಮೇಲೆ ನಿಮ್ಮ ವಿಭಾಗ ಕೊಟ್ಟ ಪರಿಹಾರ, ಒಂದು ಮಾದರಿ ಸೈನಿಕನನ್ನು ಉಚಿತವಾಗಿ ಕಳುಹಿಸುತ್ತೇವೆ ಎಂಬುದು. ನಾಲ್ವರ ಮೂರು ಸಾಲಿನಲ್ಲಿ ಒಬ್ಬ ಸರಿಯಾದವನನ್ನು ನಿಲ್ಲಿಸಿದರೆ ಉಳಿದ ಹನ್ನೊಂದು ಮಂದಿಯ ತಪ್ಪು ಇನ್ನಷ್ಟು ಎದ್ದು ಕಾಣುತ್ತದೆ. ತೆರೆದ ಪ್ಯಾಕೆಟ್ ಎಂಬ ಕಾರಣವೂ ನಿಲ್ಲುವುದಿಲ್ಲ. ನಿಮ್ಮ ಪ್ಯಾಕೆಟ್‌ಗಳು ಒಳಗಿನದು ಕಾಣದಂಥವು. ತೆರೆಯದೆ ಕೋಟು ಯಾವುದೆಂದು ತಿಳಿಯುವ ದಾರಿಯನ್ನು ನೀವು ಗ್ರಾಹಕರಿಗೆ ಇಟ್ಟಿಲ್ಲ.

ಲೆಗೊ ಸಂಸ್ಥೆ ಮಿನಿಫಿಗರ್ ಅನ್ನು ಈಗಿನ ರೂಪದಲ್ಲಿ ತಂದದ್ದು 1978ರಲ್ಲಿ. 1989ರ ಪೈರೇಟ್ಸ್ ಸರಣಿಯಲ್ಲಿ ನೀಲಿ ಕೋಟಿನ ಸೈನಿಕರು ಬಂದರು, ನಮ್ಮಲ್ಲಿ ಅನೇಕರಿಗೆ ಸೇನೆ ಕಟ್ಟುವ ಆಸೆ ಹುಟ್ಟಿಸಿದವರು ಅವರು. ಆದರೆ ಅವರು ಯಾವ ದೇಶದ, ಯಾವ ರೆಜಿಮೆಂಟಿನ ಸೈನಿಕರೂ ಅಲ್ಲ, ಕಥೆಯ ಸೈನಿಕರು. ಒಂದು ನಿರ್ದಿಷ್ಟ ವರ್ಷದ, ನಿರ್ದಿಷ್ಟ ಬೆಟಾಲಿಯನ್ ಬೇಕೆಂದರೆ ನಿಮ್ಮಂಥ ಸಣ್ಣ ತಯಾರಕರ ಬಳಿಗೇ ಬರಬೇಕು. ನೀವು ‘1809’ ಎಂದು ಬರೆದರೆ ಅದನ್ನು ನಂಬಿ ಒಬ್ಬರು ಹಣವನ್ನೂ, ಅದಕ್ಕಿಂತ ಹೆಚ್ಚಾಗಿ ರಾತ್ರಿಗಳ ಓದನ್ನೂ ಹಾಕುತ್ತಾರೆ. ಆ ನಾಲ್ಕು ಅಂಕಿಗಳಿಗೆ ನೀವು ಬೆಲೆ ಕೊಡಬೇಕು.

ನನಗೆ ಬೇಕಾದ್ದು ಹಳೆಯ ವಿನ್ಯಾಸದ 24 ಟಾರ್ಸೊಗಳು (ಮಿನಿಫಿಗರ್‌ನ ಮುಂಡ), ಕೈಗಳನ್ನು ಜೋಡಿಸಿಯೇ, ಮೊದಲಿನ ಪ್ಯಾಡ್ ಪ್ರಿಂಟಿಂಗ್‌ನಲ್ಲಿ. ತಲೆ, ಕಾಲು, ಶಾಕೋ ಎಲ್ಲವೂ ಸರಿಯಾಗಿವೆ, ಅವನ್ನು ಮತ್ತೆ ಕಳುಹಿಸಬೇಕಿಲ್ಲ. ಕೈಗಳನ್ನು ಬಿಡಿಯಾಗಿ ಕೊಟ್ಟರೆ ಉಪಯೋಗವಿಲ್ಲ, ತೋಳು ತೆಗೆದು ಹಾಕುವಾಗ ಟಾರ್ಸೊದ ಕಂಕುಳಲ್ಲಿ ಬಿರುಕು ಬೀಳುತ್ತದೆ. ಜೊತೆಗೆ ಸರಿಯಾದ ಅಳತೆಯ 24 ಬಂದೂಕುಗಳು ಬೇಕು. ತಪ್ಪಾಗಿ ಬಂದ ಟಾರ್ಸೊ ಮತ್ತು ಬಂದೂಕುಗಳನ್ನು ನಿಮ್ಮ ಖರ್ಚಿನಲ್ಲಿ ಹಿಂದಕ್ಕೆ ಕಳುಹಿಸಲು ಸಿದ್ಧನಿದ್ದೇನೆ. ಫೈಲ್‌ಗಳನ್ನು ಕಾಯ್ದಿಡುತ್ತೇವೆ ಎಂದು ನೀವೇ ಹೇಳಿರುವುದರಿಂದ ಇದು ಆಗದ ಕೆಲಸವಲ್ಲ.

ಆಗುವುದಿಲ್ಲ ಎಂದಾದರೆ ಎರಡು ಕಂಪನಿಗಳ ಹಣವನ್ನಷ್ಟೇ ಮರಳಿಸಿ ಕೈತೊಳೆದುಕೊಳ್ಳಬೇಡಿ. ಆಗ ಮೊದಲಿನ 24 ಮಂದಿ ಎಂದೂ ಪೂರ್ಣವಾಗದ ಅರ್ಧ ಬೆಟಾಲಿಯನ್ ಆಗಿ ಉಳಿಯುತ್ತಾರೆ. ನಾಲ್ಕೂ ಕಂಪನಿಗಳ ಫ್ಯೂಸಿಲಿಯರ್‌ಗಳನ್ನು ಹಿಂಪಡೆದು, ಸಾಗಣೆ ವೆಚ್ಚ ಸೇರಿ ಪೂರ್ತಿ ಹಣ ಕೊಡಬೇಕು.

ಯಾವ ದಾರಿ ಹಿಡಿದರೂ, ಹೊಸ ಕೋಟಿನ ಸೈನಿಕನಿಗೆ ಬೇರೆ ಸಂಖ್ಯೆ ಮತ್ತು ಬೇರೆ ವರ್ಷ ಕೊಡಿ, ಚಿತ್ರ ಬದಲಿಸಿ, ಮುದ್ರಣದ ವಿಧಾನವನ್ನು ಇದ್ದಂತೆ ಬರೆಯಿರಿ, ಪ್ಯಾಕೆಟ್ ಮೇಲೆ ಬ್ಯಾಚ್ ಸಂಖ್ಯೆ ಹಾಕಿ. ನನ್ನ ಹಾಗೆ ಕಂಪನಿ ಕಂಪನಿಯಾಗಿ ಕೊಳ್ಳುತ್ತಿರುವ ಬೇರೆಯವರು ಈ ಹೊತ್ತಿಗೂ ಹಳೆಯ ಚಿತ್ರ ನೋಡಿಯೇ ಆರ್ಡರ್ ಮಾಡುತ್ತಿರಬಹುದು. ಅದನ್ನು ಇಂದೇ ನಿಲ್ಲಿಸಲು ನಿಮಗೆ ಯಾವ ಅಡ್ಡಿಯೂ ಇಲ್ಲ.

ಹದಿನೈದು ದಿನಗಳೊಳಗೆ ನಿಮ್ಮ ಲಿಖಿತ ಉತ್ತರ ಬರಲಿ. ಸಿದ್ಧ ಉತ್ತರದ ಬದಲು, ಈ ಪತ್ರವನ್ನು ಓದಿ ನಿಮ್ಮ ವಿನ್ಯಾಸ ವಿಭಾಗದೊಂದಿಗೆ ಮಾತಾಡಿದವರೇ ಬರೆಯಲಿ ಎಂದು ಕೋರುತ್ತೇನೆ. ಬಾರದಿದ್ದರೆ ಇದೇ ದಾಖಲೆಗಳೊಂದಿಗೆ ಗ್ರಾಹಕರ ಹಿತ ಕಾಯುವ ಅಧಿಕಾರಿಗಳ ಮುಂದೆ ದೂರು ಸಲ್ಲಿಸುತ್ತೇನೆ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಎಲ್ಲ ಆರ್ಡರ್‌ಗಳ ರಸೀದಿಗಳ ಪ್ರತಿ, ಎರಡೂ ಬಗೆಯ ಕೋಟುಗಳನ್ನು ಅಕ್ಕಪಕ್ಕ ಇಟ್ಟು ಹಗಲು ಬೆಳಕಿನಲ್ಲಿ ತೆಗೆದ ಫೋಟೋಗಳು, ಬಂದೂಕಿನ ಅಳತೆ ಮತ್ತು ಸೀಳಿದ ಕೈಗಳ ಫೋಟೋಗಳು, ನಿಮ್ಮ ಉತ್ಪನ್ನ ವಿವರಣೆಯ ಪ್ರತಿ.